ಟಿಕೆಟ್ ಮೇಡಂ ಸಾಕಿದ ಬಿಳಿ ಕಳ್ಳಿ

ಹುಳಿತ ಹಾಲು, ನೆಂದ ಅರಿಶಿನ, ಕೊಳೆತ ಹೂವು ಮೂರೂ ಒಂದೇ ಕಡೆ ಸೇರಿದರೆ ಒಂದು ವಾಸನೆ ಏಳುತ್ತದೆ. ಹೋದ ತಿಂಗಳು ಹಳೇಬೀಡಿನಲ್ಲಿ ನಮ್ಮಣ್ಣನ ಮೊಮ್ಮಗುವಿನ ನಾಮಕರಣಕ್ಕೆ ಹೋಗಿದ್ದಾಗ, ಛತ್ರದ ಪಕ್ಕದ ಅರಳಿಕಟ್ಟೆ ಹತ್ತಿರ ಆ ವಾಸನೆ ಮೂಗಿಗೆ ಬಡಿಯಿತು. ನಾಗರಕಲ್ಲಿಗೆ ಯಾರೋ ಹಿಂದಿನ ದಿನ ಹಾಲೆರೆದು ಹೋಗಿದ್ದರು. ಬೇರೆಯವರಿಗೆ ಅದು ಭಕ್ತಿಯ ವಾಸನೆ ಇರಬಹುದು. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ಅತ್ತಿಗೆ ನನ್ನ ಮುಖ ನೋಡಿ ಏನಾಯ್ತು ಅಂತ ಕೇಳಿದರು. ಏನಂತ ಹೇಳಲಿ? ಎಷ್ಟೋ ವರ್ಷದ ಹಿಂದಿನ ಒಂದು ಗಿಡದ ಸಿಟ್ಟು ಅಂದರೆ ನಾಮಕರಣದ ಮನೆಯಲ್ಲಿ ನಗುತ್ತಾರೆ…

ನಾನು ಹಾರನಹಳ್ಳಿಯವಳು. ಅರಸೀಕೆರೆಗೆ, ಕೊಬ್ಬರಿ ವ್ಯಾಪಾರದವರ ಮನೆಗೆ ಸೊಸೆಯಾಗಿ ಬಂದವಳು. ನಮ್ಮ ಮನೆಯ ಹಿಂಬದಿಗೆ ಅಂಟಿಕೊಂಡ ಹಾಗೆ ಎರಡು ರೂಮಿನ ಒಂದು ಬಾಡಿಗೆ ಮನೆ ಇತ್ತು. ಅಲ್ಲಿಗೆ ಬಂದವರು ನಮ್ಮ ಸ್ಟೇಷನ್ನಿನ ಟಿಕೆಟ್ ಕೌಂಟರಿನಲ್ಲಿ ಕೂರುತ್ತಿದ್ದ ಮೇಡಂ. ರೈಲ್ವೆ ಕ್ವಾರ್ಟರ್ಸ್ ಸೋರುತ್ತದೆ ಅಂತ ಹೊರಗೆ ಮನೆ ಹುಡುಕುತ್ತಿದ್ದರು. ರೈಲ್ವೆಯವರು ಅಂದ ತಕ್ಷಣ ನನ್ನ ಗಂಡ ಹೂಂ ಅಂದುಬಿಟ್ಟರು. ಜಾತಿ ಕೇಳುವುದಕ್ಕೆ ನಮ್ಮತ್ತೆ ಆವತ್ತು ಊರಲ್ಲಿ ಇರಲಿಲ್ಲ. ಅವರು ವಾಪಸ್ ಬರುವ ಹೊತ್ತಿಗೆ ಹಿಂದಿನ ಮನೆಯ ಗೋಡೆಗೆ ಬುದ್ಧನ ಫೋಟೋ, ಅದರ ಪಕ್ಕ ನೀಲಿ ಕೋಟಿನವರ ಫೋಟೋ ಎರಡೂ ಏರಿದ್ದವು. ಅತ್ತೆ ಒಂದು ಸಲ ಬಾಗಿಲಿಂದಲೇ ಇಣುಕಿ ನೋಡಿ ಬಂದರು. ಆ ಸಂಕ್ರಾಂತಿಗೆ ಬೀದಿಯ ಎಲ್ಲ ಮನೆಗೂ ಎಳ್ಳು ಬೀರಿ ಬಾ ಅಂತ ನನ್ನನ್ನು ಕಳಿಸಿದರು, ಹಿಂದಿನ ಮನೆಗೆ ಬೇಡ ಅಂದರು. ನಾನು ಅತ್ತೆಯ ಎದುರಿಗೇ ತಟ್ಟೆ ಹಿಡಿದುಕೊಂಡು ಮೊದಲು ಹಿಂದಿನ ಮನೆಗೇ ಹೋದೆ. ನಮ್ಮಿಬ್ಬರ ಜಗಳ ಶುರುವಾಗಿದ್ದು ಅಲ್ಲಿಂದ.

ಅದೇ ಅತ್ತೆಗೆ ಕಾಶಿಗೆ ಹೋಗುವ ಆಸೆ ಬಂದಾಗ ಟಿಕೆಟ್ ಮಾಡಿಸುವುದಕ್ಕೆ ಅದೇ ಮೇಡಂ ಬೇಕಾದರು. ಬೀದಿಯವರಿಗೂ ಅಷ್ಟೇ. ಮಗಳ ಬಾಣಂತನ, ಮಠದ ಉತ್ಸವ, ಯಾರದೋ ಸಾವು, ಎಲ್ಲಕ್ಕೂ "ಮೇಡಂ, ಒಂದು ಸೀಟು ನೋಡಿ" ಅಂತ ಹಲ್ಲು ಗಿಂಜಿಕೊಂಡು ಬರುತ್ತಿದ್ದರು. ಕೌಂಟರಿನ ಕಿಂಡಿಯೊಳಗಿಂದ ಬರುವ ಕೈಗೆ ಮೈಲಿಗೆ ಇಲ್ಲ ನೋಡಿ. ಮನೆ ಬಾಗಿಲಿಗೆ ಬಂದರೆ ಮಾತ್ರ ಇರುತ್ತದೆ.

ಮೇಡಂ ಹುಟ್ಟಿದ್ದು ಬಿಕ್ಕೋಡಿನ ಹತ್ತಿರ, ಕಾಫಿ ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿ. ಮದುವೆ ಆಗಿರಲಿಲ್ಲ. ಯಾಕೆ ಅಂತ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಮನೆ ಸಾಮಾನು ಅಂತ ಬಂದಿದ್ದೇ ಒಂದು ಟೆಂಪೋದಷ್ಟು. ಆದರೆ ಒಂದು ಮಣ್ಣಿನ ಕುಂಡವನ್ನು ಮಾತ್ರ ಟೆಂಪೋಕ್ಕೆ ಹಾಕದೆ ತೊಡೆ ಮೇಲೆ ಇಟ್ಟುಕೊಂಡು ಆಟೋದಲ್ಲಿ ಬಂದಿದ್ದರು. ಅದರಲ್ಲಿ ಒಂದು ಕಳ್ಳಿ ಗಿಡ. ಕಳ್ಳಿ ಅಂದರೆ ನಮ್ಮ ಬೇಲಿಯಲ್ಲಿ ಬೆಳೆಯುವ ಹಸಿರು ಕಳ್ಳಿ ಅಲ್ಲ. ಬುಡದಿಂದ ತುದಿಯವರೆಗೂ ಬಿಳಿ. ಸುಣ್ಣ ಹೊಡೆದ ಹಾಗಲ್ಲ, ಎಳೆ ತೆಂಗಿನಕಾಯಿ ಹೋಳಿನ ಬಿಳುಪು. ಅಲ್ಲೊಂದು ಇಲ್ಲೊಂದು ತೆಳು ಹಸಿರು ಗೆರೆ. ಹೊಸ ಚಿಗುರು ಬಂದಾಗ ತುದಿ ಮಾತ್ರ ಗುಲಾಬಿ. ಮೊದಲ ದಿನ ನೋಡಿ, ಯಾವುದೋ ರೋಗ ಬಂದಿರಬೇಕು ಅಂದುಕೊಂಡೆ. ಮೇಡಂಗೆ ಹಾಗೇ ಹೇಳಿಯೂಬಿಟ್ಟೆ. ಅವರು ತುಂಬಾ ನಕ್ಕರು.

ಹಿಂದೆ ಬೇರೆ ಊರಲ್ಲಿ ಕೆಲಸ ಮಾಡುವಾಗ ತಮಿಳುನಾಡಿನ ಕಡೆಯ ಒಬ್ಬ ಗಾರ್ಡು ನ್ಯೂಸ್ ಪೇಪರಿನಲ್ಲಿ ಸುತ್ತಿ ಒಂದು ತುಂಡು ತಂದುಕೊಟ್ಟಿದ್ದರಂತೆ. ಆಗ ಹೆಬ್ಬೆರಳಿನಷ್ಟಿತ್ತಂತೆ. ನಮ್ಮ ಮನೆಗೆ ಬರುವಾಗ ಮೊಣಕಾಲುದ್ದ ಆಗಿತ್ತು, ನಾಲ್ಕಾರು ಕೈ ಚಾಚಿತ್ತು. ಅಷ್ಟಕ್ಕೇ ಎಷ್ಟೋ ವರ್ಷ ಹಿಡಿದಿದೆ ಅಂದರು. ಗಿಡಕ್ಕೆ ಅಡುಗೆ ಮಾಡುವುದು ಹಸಿರು, ಇದರಲ್ಲಿ ಹಸಿರೇ ಇಲ್ಲ ಅನ್ನುವಷ್ಟು ಕಮ್ಮಿ, ಅದಕ್ಕೇ ಇದು ಅರೆಹೊಟ್ಟೆಯಲ್ಲಿ ಬೆಳೆಯುವ ಗಿಡ, ಅವಸರ ಮಾಡಬಾರದು ಅಂತ ವಿವರಿಸಿದರು.

ಅದನ್ನು ನೋಡಿಕೊಳ್ಳುತ್ತಿದ್ದ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮರಳು, ಇಟ್ಟಿಗೆ ಚೂರು ಜಾಸ್ತಿ, ಮಣ್ಣು ಗೊಬ್ಬರ ಸ್ವಲ್ಪ. ಕುಂಡದ ಬುಡದ ತೂತು ಕಟ್ಟಿಲ್ಲವಾ ಅಂತ ಕಡ್ಡಿ ಹಾಕಿ ನೋಡುವರು. ಬೆಳಗಿನ ಎಳೆ ಬಿಸಿಲು ಬೀಳಬೇಕು, ಮಧ್ಯಾಹ್ನದ ಬಿಸಿಲು ತಾಕಿದರೆ ಬಿಳಿ ಮೈ ಸುಟ್ಟು ಕಂದು ಕಲೆ ಆಗುತ್ತದೆ, ಆ ಕಲೆ ಮತ್ತೆ ಹೋಗುವುದಿಲ್ಲ. ಹಾಗಾಗಿ ಡ್ಯೂಟಿಗೆ ಹೊರಡುವ ಮುಂಚೆ ಕುಂಡವನ್ನು ಮೆಟ್ಟಿಲ ಮೇಲಿಂದ ಗೋಡೆ ನೆರಳಿಗೆ ಜರುಗಿಸುವರು. ನೀರು ಹಾಕುವ ಮುಂಚೆ ಮಣ್ಣಿನೊಳಗೆ ಬೆರಳಿಟ್ಟು ನೋಡುವರು, ಒಳಗೆ ತಂಪಿದ್ದರೆ ಹಾಕುತ್ತಿರಲಿಲ್ಲ. ಮಳೆಗಾಲ ಪೂರ್ತಿ ಒಂದು ಹನಿ ಇಲ್ಲ. "ಇದನ್ನ ಕೊಲ್ಲಬೇಕು ಅಂದ್ರೆ ವಿಷ ಬೇಡ ಕಣ್ರೀ, ಪ್ರೀತಿಯಿಂದ ದಿನಾ ಒಂದು ಚೊಂಬು ನೀರು ಹಾಕಿದ್ರೆ ಸಾಕು" ಅಂದಿದ್ದರು. ಅದರ ಹಾಲು ಕಣ್ಣಿಗೆ ಬಿದ್ದರೆ ಕಣ್ಣೇ ಹೋಗುವಷ್ಟು ಉರಿ ಅಂತ, ಮುಟ್ಟುವಾಗ ಕೈಗೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಳ್ಳುವರು. ನನ್ನ ಮಗಳನ್ನು ಹತ್ತಿರ ಬಿಡುತ್ತಿರಲಿಲ್ಲ.

ಅತ್ತೆಗೆ ಆ ಗಿಡ ಕಂಡರೆ ಆಗುತ್ತಿರಲಿಲ್ಲ. ಹಾಲು ಬರುವ ಮುಳ್ಳಿನ ಗಿಡ ವಾಸದ ಮನೆಯಲ್ಲಿ ಇದ್ದರೆ ಮನೆ ಹಾಳಾಗುತ್ತದೆ, ಅದೂ ಹೆಣದ ಬಣ್ಣ ಬೇರೆ, ಅಂಥವರಿಗೆ ಅಂಥದೇ ಸೇರುತ್ತದೆ ಅಂತ ಒಗೆಯುವ ಕಲ್ಲಿನ ಹತ್ತಿರ ನಿಂತು ಕೇಳಿಸುವ ಹಾಗೆ ಅನ್ನುವರು. ಮೇಡಂ ಕೇಳಿಸಿದರೂ ಕೇಳಿಸದ ಹಾಗೆ ಬೀಗ ಹಾಕಿ ಸ್ಟೇಷನ್ನಿಗೆ ಹೊರಡುವರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ಅವರ ಸಹನೆ ನನಗೆ ಅರ್ಥವೇ ಆಗುತ್ತಿರಲಿಲ್ಲ.

ಹೀಗಿರುವಾಗ ಆ ವರ್ಷ ಕೊಬ್ಬರಿ ವ್ಯಾಪಾರ ನೆಲ ಕಚ್ಚಿತು. ಮನೆಯ ವಾಸ್ತು ಸರಿಯಿಲ್ಲ ಅಂತ ಯಾರೋ ಅತ್ತೆಯ ಕಿವಿ ಊದಿದರು. ಬೇಲೂರಿನ ಕಡೆಯಿಂದ ಒಬ್ಬ ವಾಸ್ತು ನೋಡುವವನನ್ನು ಕರೆಸಿದರು. ಅವನು ದಿಕ್ಸೂಚಿ ಹಿಡಿದುಕೊಂಡು ಅಡುಗೆ ಮನೆ ಸರಿಯಿಲ್ಲ, ಬಚ್ಚಲು ಸರಿಯಿಲ್ಲ ಅಂತ ಸುತ್ತಿ ಸುತ್ತಿ ಹಿಂದಿನ ಮನೆಯ ಮೆಟ್ಟಿಲ ಹತ್ತಿರ ಬಂದ. ಕಳ್ಳಿ ನೋಡಿದ. ನಮ್ಮ ಕಡೆ ಬಿಳಿ ಎಕ್ಕಕ್ಕೆ ಎಷ್ಟು ಮರ್ಯಾದೆ ಅಂತ ನಿಮಗೆ ಗೊತ್ತು. ಅದರ ಬೇರಲ್ಲಿ ಗಣಪತಿ ಇದ್ದಾನೆ ಅಂತ ಕೈಮುಗಿಯುತ್ತೇವೆ. ಇವನು ಆ ಲೆಕ್ಕವನ್ನೇ ಕಳ್ಳಿಗೆ ಹೊಂದಿಸಿದ. ಇದು ಶ್ವೇತ ಕಳ್ಳಿ, ಬಿಳಿ ಎಕ್ಕಕ್ಕಿಂತ ಅಪರೂಪ, ಮೈಯೆಲ್ಲ ಕ್ಷೀರ, ಸಾಕ್ಷಾತ್ ಲಕ್ಷ್ಮಿ ನಿಮ್ಮ ಹಿತ್ತಲಲ್ಲಿ ಮೂಲೆ ಸೇರಿದ್ದಾಳೆ, ಮುಂಬಾಗಿಲಿಗೆ ತನ್ನಿ, ಹಾಲೆರೆಯಿರಿ ಅಂದ.

ಅತ್ತೆ ಅಲ್ಲೇ ಗಲ್ಲ ಬಡಿದುಕೊಂಡರು. ಹೆಣದ ಬಣ್ಣ ಅಂದಿದ್ದ ಬಾಯಿಯಲ್ಲೇ ತಾಯಿ ತಾಯಿ ಅಂದರು. ಮೇಡಂ ಡ್ಯೂಟಿಯಲ್ಲಿದ್ದರು. ಅವರು ಬರಲಿ, ಕೇಳೋಣ ಅಂತ ನಾನು ಅಡ್ಡ ನಿಂತೆ. ನನ್ನನ್ನು ಪಕ್ಕಕ್ಕೆ ತಳ್ಳಿ ಕುಂಡವನ್ನು ಮುಂಗೇಟಿಗೆ ಹೊತ್ತುಕೊಂಡು ಹೋದರು. ದೇವರು ಕುಂಡದಲ್ಲಿ ಇರಬಾರದಂತೆ. ಕುಂಡ ಒಡೆದರು, ನೆಲದಲ್ಲಿ ಗುಂಡಿ ತೋಡಿ ಜೇಡಿಮಣ್ಣಿನಲ್ಲಿ ನೆಟ್ಟರು. ಗಾರೆ ಕೆಲಸದವನನ್ನು ಕರೆಸಿ ಸುತ್ತ ಸಿಮೆಂಟಿನ ಕಟ್ಟೆ ಕಟ್ಟಿಸಿದರು. ನೀರು ಹೊರಗೆ ಹೋಗುವುದಕ್ಕೆ ಒಂದು ಸಂದು ಕೂಡ ಬಿಡಲಿಲ್ಲ.

ಸಂಜೆ ಮೇಡಂ ಬಂದರು. ಖಾಲಿ ಮೆಟ್ಟಿಲು ನೋಡಿದರು, ಮುಂಗೇಟಿನ ಹತ್ತಿರ ಅರಿಶಿನ ಕುಂಕುಮ ಮೆತ್ತಿಸಿಕೊಂಡು ನಿಂತಿದ್ದ ಗಿಡ ನೋಡಿದರು. ಅವರಿಗೆ ಕೋಪ ಬಂದಿತ್ತು, ಅವರ ದವಡೆ ಬಿಗಿದಿದ್ದನ್ನು ನಾನು ಕಂಡೆ. ಆದರೂ ಅತ್ತೆಯ ಹತ್ತಿರ ಸಮಾಧಾನವಾಗಿಯೇ ಮಾತಾಡಿದರು. ಗಿಡ ನನ್ನದು, ವಾಪಸ್ ಕೊಡಿ ಅಂದರು. ಅತ್ತೆ ಕೊಡಲ್ಲ ಅಂದರು. ನೀವು ಪೂಜೆ ಮಾಡಿಕೊಳ್ಳಿ, ಬೇಡ ಅನ್ನಲ್ಲ, ನೀರು ಒಂದು ಹಾಕಬೇಡಿ, ಸತ್ತುಹೋಗುತ್ತದೆ ಅಂದರು. ದೇವರಿಗೆ ನೀರು ಬೇಡ ಅನ್ನುವವಳು ನೀನೊಬ್ಬಳೇ ಅಂತ ಅತ್ತೆ ಕದ ಹಾಕಿಕೊಂಡರು. ನನ್ನ ಗಂಡ ಒಳಗೆ ಟಿ.ವಿ. ನೋಡುತ್ತಿದ್ದರು. ಎದ್ದು ಬರಲಿಲ್ಲ. ಆವತ್ತು ಅವರಿಗೆ ನಾನು ಅಂದ ಮಾತುಗಳನ್ನು ಇಲ್ಲಿ ಬರೆಯಲಾಗುವುದಿಲ್ಲ.

ಶ್ರಾವಣ ಬಂತು. ಬೀದಿಯ ಹೆಂಗಸರೆಲ್ಲ ಒಬ್ಬೊಬ್ಬರು ಒಂದೊಂದು ಚೊಂಬು. ಮೇಲೆ ಜಡಿಮಳೆ, ಕೆಳಗೆ ಚೊಂಬಿನ ನೀರು, ಸೋಮವಾರ ಶುಕ್ರವಾರ ಹಾಲು. ಕಟ್ಟೆಯೊಳಗೆ ನೀರು ನಿಂತು ಕೆಸರಾಗಿ, ಹಾಲು ಹುಳಿತು, ಆ ವಾಸನೆ ನಮ್ಮ ಪಡಸಾಲೆಯವರೆಗೂ ಬರುತ್ತಿತ್ತು. ನಾನೇನು ದೇವರನ್ನು ನಂಬದವಳಲ್ಲ. ಸೋಮವಾರ ಒಪ್ಪತ್ತು ಮಾಡುತ್ತೇನೆ, ಇವತ್ತಿಗೂ ಮಾಡುತ್ತೇನೆ. ಆದರೆ ದೇವರು ತಲೆ ಕೊಟ್ಟಿರುವುದು ಸೆರಗು ಹೊದೆಯುವುದಕ್ಕೆ ಮಾತ್ರವಾ?

ಒಂದು ಬೆಳಿಗ್ಗೆ ಮೇಡಂ ಡ್ಯೂಟಿಗೆ ಹೋಗುತ್ತಾ ಗಿಡದ ಹತ್ತಿರ ನಿಂತು, ಕುಂಕುಮ ಮೆತ್ತಿದ್ದ ಕಡೆ ಕರ್ಚೀಫಿನಿಂದ ಮೆಲ್ಲಗೆ ಒರೆಸಿದರು. ಯಾರೋ ನೋಡಿ ಅತ್ತೆಗೆ ಹೇಳಿದರು. ಅತ್ತೆ ಕೂಗಾಡಲಿಲ್ಲ. ಒಳಗಿದ್ದ ಗಂಜಲವನ್ನೇ ತಂದು ಗಿಡದ ಮೇಲೆ ಸುರಿದು ಶುದ್ಧಿ ಮಾಡಿದರು. ಮೇಡಂ ಇನ್ನೂ ಬೀದಿಯ ತಿರುವು ದಾಟಿರಲಿಲ್ಲ. ತಿರುಗಿ ನೋಡಿದರು… ಆ ಮುಖ ನಾನು ಸಾಯುವ ತನಕ ಮರೆಯುವುದಿಲ್ಲ. ಅವರದೇ ಗಿಡ. ಅವರು ಮುಟ್ಟಿದರು ಅಂತ ಅದಕ್ಕೆ ಗಂಜಲ.

ಶ್ರಾವಣ ಮುಗಿಯುವ ಹೊತ್ತಿಗೆ ಬುಡ ಕಂದು ತಿರುಗಿತು. ಮೇಡಂಗೆ ನಾನೇ ಹೋಗಿ ಹೇಳಿದೆ. ಅವರು ಬಂದು ಬಗ್ಗಿ ನೋಡಿ, ಕೊಳೆ ಶುರುವಾಗಿದೆ, ಆದರೆ ಮೇಲೆ ಇನ್ನೂ ಗಟ್ಟಿ ಇದೆ ಅಂದರು. ಇವತ್ತೇ ಕೊಳೆತ ಜಾಗದ ಮೇಲಕ್ಕೆ ಕುಯ್ದು, ಹಾಲು ತೊಳೆದು, ನೆರಳಲ್ಲಿ ಗಾಯ ಒಣಗಿಸಿ, ಆಮೇಲೆ ಮರಳಲ್ಲಿ ಊರಿದರೆ ಬದುಕುತ್ತದಂತೆ. ಅಷ್ಟು ಕೇಳಿಕೊಂಡು ನಾವಿಬ್ಬರೂ ಅತ್ತೆಯ ಮುಂದೆ ನಿಂತೆವು. ದೇವರಿಗೆ ಚಾಕು ಹಾಕುವುದಾ ಅಂತ ಅತ್ತೆ ಕಟ್ಟೆಗೆ ಅಡ್ಡ ಬಂದರು.

"ಅಮ್ಮ, ನೀವು ದೇವರು ಮಾಡೋಕೆ ಮುಂಚೆ ಇದು ನನ್ನ ಗಿಡ. ಉಳಿಸ್ಕೊಳ್ಳೋಕೆ ಬಿಡಿ" ಅಂದರು ಮೇಡಂ.

"ನಿಂದಾಗಿದ್ದಾಗ ಗಿಡ. ಈಗ ನಮ್ಮ ದೇವ್ರು. ನೀನು ಕೈ ಹಚ್ಚಬ್ಯಾಡ, ದೂರ ನಿಂತ್ಕ" ಅಂದರು ಅತ್ತೆ.

ಬೀದಿಯ ಹೆಂಗಸರು ಚೊಂಬು ಹಿಡಿದು ನಿಂತಿದ್ದರು. ಅವರಲ್ಲಿ ಮೇಡಂ ಕೊಡಿಸಿದ ಸೀಟಿನಲ್ಲಿ ಕೂರದವರು ಯಾರೂ ಇರಲಿಲ್ಲ. ನಾನು ಅತ್ತೆಯ ಕೈ ಹಿಡಿದು ಎಳೆದೆ, ಅವರು ನನ್ನ ಕೆನ್ನೆಗೆ ಹೊಡೆದರು. ಮೇಡಂ ನನ್ನ ಭುಜ ಹಿಡಿದು, ಬೇಡ ಬನ್ನಿ, ನಿಮ್ಮ ಸಂಸಾರ ಕೆಡಿಸಿಕೊಳ್ಳಬೇಡಿ ಅಂತ ಹಿಂದಕ್ಕೆ ಕರೆದುಕೊಂಡು ಹೋದರು. ಅತ್ತೆ ವಾಸ್ತುವಿನವನಿಗೆ ಫೋನ್ ಮಾಡಿ ಬುಡ ಕಂದಾಗಿದೆ ಅಂದರಂತೆ. ತಾಯಿ ಬಣ್ಣ ತಿರುಗುತ್ತಿದ್ದಾಳೆ, ಹಾಲು ಜಾಸ್ತಿ ಮಾಡಿ ಅಂದನಂತೆ. ಅವನ ನಾಲಿಗೆ ಬಿದ್ದುಹೋಗ.

ಒಂದು ವಾರ ಕಳೆಯಿತು. ಗೌರಿ ಹಬ್ಬ ಹತ್ತಿರ ಬಂದಿತ್ತು. ಬೆಳಿಗ್ಗೆ ಬಾಗಿಲಿಗೆ ನೀರು ಹಾಕುವುದಕ್ಕೆ ಹೋದರೆ ಗಿಡ ಒಂದು ಕಡೆಗೆ ವಾಲಿಕೊಂಡಿದೆ. ಕೂಗಿದೆ. ಮೇಡಂ ಓಡಿಬಂದರು, ಡ್ಯೂಟಿಗೆ ತಯಾರಾಗಿದ್ದರು, ಕೂದಲು ಅರ್ಧ ಹೆಣೆದಿತ್ತು. ಅತ್ತೆ ಜಗಲಿಯಿಂದ ಇಳಿಯುವುದರೊಳಗೆ ನಾನು ಅಡುಗೆ ಮನೆಗೆ ನುಗ್ಗಿ ತರಕಾರಿ ಹೆಚ್ಚುವ ದೊಡ್ಡ ಚಾಕು ತಂದು ಮೇಡಂ ಕೈಗೆ ಕೊಟ್ಟೆ. ಯಾರಾದರೂ ಹತ್ತಿರ ಬಂದರೆ ಇದರ ಹಾಲು ಮುಖಕ್ಕೆ ಎರಚುತ್ತೇನೆ ಅಂದೆ. ಎರಚುತ್ತಲೂ ಇದ್ದೆ. ನನ್ನ ಮುಖ ನೋಡಿ ಯಾರೂ ಹತ್ತಿರ ಬರಲಿಲ್ಲ.

ಮೇಡಂ ಆ ಕಟ್ಟೆಯ ಮೇಲೆ ಕೂತರು. ಗಿಡವನ್ನು ಬುಡದಲ್ಲಿ ಹಿಡಿದರೆ ಹಾಗೇ ಕಿತ್ತುಬಂತು, ಬೇರು ಅಂತ ಏನೂ ಉಳಿದಿರಲಿಲ್ಲ. ತೊಡೆ ಮೇಲೆ ಅಡ್ಡ ಇಟ್ಟುಕೊಂಡು, ಗಟ್ಟಿ ಇದೆ ಅನ್ನಿಸಿದ ಕಡೆ ಕುಯ್ದರು. ಬಿಳಿ ಹಾಲು ಸುರಿಯಿತು. ನೀರು ಹಾಕಿ ತೊಳೆದು ನೋಡಿದರೆ ನಟ್ಟನಡುವೆ ಕಂದು ಚುಕ್ಕೆ. ಒಂದು ಚುಕ್ಕೆ ಇದ್ದರೂ ಆಗುವುದಿಲ್ಲ ಕಣ್ರೀ ಅಂದರು. ಇನ್ನೂ ಮೇಲಕ್ಕೆ ಕುಯ್ದರು. ಚುಕ್ಕೆ. ಇನ್ನೂ ಮೇಲಕ್ಕೆ. ಹೊರಗೆ ನೋಡಿದರೆ ಮಲ್ಲಿಗೆ ಮೊಗ್ಗಿನ ಹಾಗೆ ಬೆಳ್ಳಗಿದೆ, ಒಳಗೆ ನೋಡಿದರೆ ಚುಕ್ಕೆ. ಗಿಡದ ಕೈಗಳನ್ನು ಒಂದೊಂದಾಗಿ ಕುಯ್ದರು, ಅವುಗಳಲ್ಲೂ ಇತ್ತು. ಸೀರೆಯ ಮೇಲೆಲ್ಲ ಹಾಲು. ಪ್ಲಾಸ್ಟಿಕ್ ಕವರ್ ಕಟ್ಟಿಕೊಳ್ಳುವುದನ್ನೂ ಮರೆತಿದ್ದರು, ಬೆರಳೆಲ್ಲ ಕೆಂಪಗಾಗಿ ಊದುತ್ತಿತ್ತು. ಸಾಕು ಬಿಡಿ ಮೇಡಂ ಅಂದರೂ ಬಿಡಲಿಲ್ಲ. ಕಡೆಗೆ ತುದಿಯ ಗುಲಾಬಿ ಚಿಗುರು ಒಂದು ಉಳಿಯಿತು. ಅದನ್ನೂ ಕುಯ್ದರು, ಬೆಳಕಿಗೆ ಹಿಡಿದು ನೋಡಿದರು, ಕೆಸರಿಗೆ ಹಾಕಿದರು.

ಅಳಲಿಲ್ಲ. ಅತ್ತೆಯ ಕಡೆಯೂ ನೋಡಲಿಲ್ಲ. "ಹೋದ ವಾರ ಬಿಟ್ಟಿದ್ರೆ ಇಷ್ಟುದ್ದ ಉಳೀತಿತ್ತು" ಅಂತ ನನಗೆ ಎರಡು ಕೈ ಅಗಲಿಸಿ ತೋರಿಸಿದರು. ಆಮೇಲೆ ಎದ್ದು, ಕೈ ತೊಳೆದು, ಬೇರೆ ಸೀರೆ ಉಟ್ಟು ಡ್ಯೂಟಿಗೆ ಹೋದರು. ಆವತ್ತು ಹಬ್ಬದ ರಶ್ಶು. ನಮ್ಮ ಬೀದಿಯವರೇ ಎಷ್ಟೋ ಜನ ಆ ಊದಿದ ಕೈಯಿಂದ ಟಿಕೆಟ್ ತೆಗೆದುಕೊಂಡಿರಬೇಕು.

ಅಲ್ಲಿಂದ ಮುಂದೆ ಊರೆಲ್ಲ ಒಂದೇ ಮಾತು. ಕೊಳೆಸಿದವರು ಯಾರು ಅಂತ ಯಾರೂ ಕೇಳಲಿಲ್ಲ, ಕಡಿದವರು ಯಾರು ಅಂತ ಎಲ್ಲರಿಗೂ ಗೊತ್ತಿತ್ತು. ದೇವರನ್ನು ಕಡಿದವಳು ಅಂತ ಹೆಸರಿಟ್ಟರು. ನನ್ನ ಗಂಡ ಹಿಂದಿನ ಮನೆಗೆ ಹೋಗಿ, ತಲೆ ತಗ್ಗಿಸಿಕೊಂಡು ಮನೆ ಖಾಲಿ ಮಾಡಿ ಅಂದು ಬಂದರು. ಮೇಡಂ ವರ್ಗಾವಣೆ ಕೇಳಿಕೊಂಡು ಹುಬ್ಬಳ್ಳಿ ಕಡೆಗೆ ಹೋದರು. ಹೊರಡುವ ದಿನ ಅವರ ಒಂದು ಬ್ಯಾಗು ನಾನೇ ಹಿಡಿದುಕೊಂಡು ಸ್ಟೇಷನ್ನಿನವರೆಗೆ ಹೋದೆ. ಬೀದಿಯ ಕಿಟಕಿಗಳಲ್ಲಿ ಮುಖಗಳಿದ್ದವು. ಪ್ಲಾಟ್‌ಫಾರಂನಲ್ಲಿ ಏನೇನೋ ಹೇಳಬೇಕು ಅಂದುಕೊಂಡಿದ್ದೆ, ಗಾಡಿ ಬಂದುಬಿಟ್ಟಿತು… ಆಮೇಲೆ ಒಂದೆರಡು ಸಲ ಫೋನಿನಲ್ಲಿ ಮಾತಾಡಿದೆವು. ಊಟ ಆಯ್ತಾ, ಮಳೆ ಬಂತಾ, ಅಷ್ಟೇ. ಗಿಡದ ಮಾತು ಇಬ್ಬರೂ ಎತ್ತಲಿಲ್ಲ. ಹಾಗೇ ನಿಂತುಹೋಯಿತು.

ಆ ಕಟ್ಟೆ ಏನಾಯಿತು ಗೊತ್ತಾ? ಹಾಗೇ ಇದೆ. ಈಗ ಅದಕ್ಕೆ ಟೈಲ್ಸ್ ಹಾಕಿಸಿದ್ದಾರೆ. ನಡುವೆ ಸಿಮೆಂಟಿನ ಕಳ್ಳಿ. ಕಬ್ಬಿಣದ ಕಡ್ಡಿ ಬಗ್ಗಿಸಿ, ಗಾರೆ ಮೆತ್ತಿ, ಬಿಳಿ ಬಣ್ಣ ಬಳಿದು ನಿಲ್ಲಿಸಿದ್ದಾರೆ. ಎಷ್ಟು ಹಾಲು ಸುರಿದರೂ ಕೊಳೆಯುವುದಿಲ್ಲ. ತುದಿಗೆ ಗುಲಾಬಿ ಬಣ್ಣ ಹಚ್ಚಿಲ್ಲ, ಯಾಕೆಂದರೆ ನಿಜವಾದ ಗಿಡವನ್ನು ಅವರಲ್ಲಿ ಒಬ್ಬರೂ ಕಣ್ಣಿಟ್ಟು ನೋಡಿರಲಿಲ್ಲ. ಮೊನ್ನೆ ಪಕ್ಕದ ಮನೆಗೆ ಹೊಸದಾಗಿ ಬಂದ ಸೊಸೆ, ಇದರ ಮಹಿಮೆ ಏನಜ್ಜಿ ಅಂತ ನಮ್ಮತ್ತೆಯನ್ನು ಕೇಳಿದಳು. ನಮ್ಮ ಮನೆ ಬಾಗಿಲಲ್ಲಿ ತಾನಾಗೇ ಹುಟ್ಟಿ ಬಂದ ತಾಯಿ ಕಣವ್ವ, ಯಾರೋ ಮೈಲಿಗೆ ಮಾಡಿದ್ದಕ್ಕೆ ಮಾಯ ಆದಳು ಅಂದರು. ಕಣ್ಣು ಕಾಣದ ವಯಸ್ಸಾಗಿದೆ, ನಾಲಿಗೆಗೆ ಮಾತ್ರ ವಯಸ್ಸಾಗಿಲ್ಲ. ನಾನು ಅಲ್ಲೇ ನಿಂತು ಆ ಹುಡುಗಿಗೆ ಪೂರ್ತಿ ಕಥೆ ಹೇಳಿದೆ. ಅವಳು ಕೇಳಿಸಿಕೊಂಡಳು, ಆಮೇಲೆ ಚೊಂಬಿನ ಹಾಲು ಸುರಿದು ಕೈಮುಗಿದಳು.

ಹಳೇಬೀಡಿಂದ ವಾಪಸ್ ಬಂದ ದಿನ ತಡೆಯಲಾಗದೆ ಮೇಡಂ ನಂಬರಿಗೆ ಫೋನ್ ಮಾಡಿದೆ. ಬೇರೆ ಹೆಂಗಸಿನ ದನಿ. ಮೇಡಂ ತಂಗಿಯಂತೆ, ಬಿಕ್ಕೋಡಿನಲ್ಲಿರುವವರು. ಅಕ್ಕ ಹೋಗಿ ಒಂದು ವರ್ಷದ ಮೇಲಾಯಿತು, ರಿಟೈರ್ ಆಗುವ ಮುಂಚೆಯೇ, ಕ್ಯಾನ್ಸರ್ ಅಂದರು. ಆಮೇಲೆ, "ನೀವ್ಯಾರು?" ಅಂತ ಕೇಳಿದರು. ಅರಸೀಕೆರೆಯಲ್ಲಿ ಅವರಿದ್ದ ಮನೆಯ ಓನರ್ ಕಡೆಯವಳು ಅಂದೆ.



"ನಮ್ಮಕ್ಕನ ಗಿಡ ಕಿತ್ಕೊಂಡೋರಾ?" ಅಂದರು.

ಚಾಕು ತಂದು ಕೊಟ್ಟವಳು ನಾನು, ಪೆಟ್ಟು ತಿಂದವಳು ನಾನು ಅಂತ ಬಾಯಿ ತುದಿಗೆ ಬಂತು. ಆದರೆ ನಾನು ಫೋನ್ ಹಿಡಿದು ನಿಂತಿದ್ದು ಅದೇ ಮನೆಯ ಜಗಲಿಯಲ್ಲಿ. "ಹೌದು, ಅದೇ ಮನೆಯವಳು" ಅಂದೆ.

ಫೋನ್ ಇಟ್ಟುಬಿಟ್ಟರು.